ಮೂಲೆ ಮಡಚಿದ ಕಂಬಳಿ

ನೇತ್ರಾವತಿ ಮೊಣಕೈವರೆಗೆ ಕೈ ಮುಳುಗಿಸಿ, ತೊಟ್ಟಿಯಲ್ಲಿ ಇಳಿಬಿಟ್ಟಿದ್ದ ಕುಚ್ಚೊಂದನ್ನು ಮೇಲೆತ್ತಿದಳು. ಗೊಬ್ಬರದ ಖಾಲಿ ಚೀಲವನ್ನು ಎಳೆ ಎಳೆಯಾಗಿ ಬಿಚ್ಚಿ ಅವಳೇ ಕಟ್ಟಿದ ಕುಚ್ಚು ಅದು. ಎಳೆಗಳ ತುಂಬ ಮೀನಿನ ತತ್ತಿಗಳು ಅಂಟಿಕೊಂಡಿದ್ದವು. ನಿನ್ನೆ ಸಂಜೆ ನೋಡಿದಾಗ ಬೆಂದ ಸಾಬೂದಾಣಿಯ ಹಾಗೆ ತಿಳಿಯಾಗಿದ್ದವು. ಈಗ ಹಸಿ ಸಾಬೂದಾಣಿಯ ಹಾಗೆ ಬೆಳ್ಳಗಾಗಿದ್ದವು. ಒಂದೆರಡು ಕಡೆ ಆಗಲೇ ಹತ್ತಿಯಂಥ ಬೂಷ್ಟು ಹಿಡಿಯತೊಡಗಿತ್ತು.

ಇನ್ನೊಂದು ಕುಚ್ಚು ಎತ್ತಿದಳು. ಅದೂ ಹಾಗೇ.

ಮನೆಯ ಕಡೆಯಿಂದ ಅಳು ಕೇಳುತ್ತಿತ್ತು. ಗಂಡನ ಅಕ್ಕ ಅಂಬಮ್ಮ ದೇವದುರ್ಗದಿಂದ ಈಗಷ್ಟೇ ಬಂದಿಳಿದಿದ್ದಳು. "ಯವ್ವಾ, ಇನ್ನ ಯಾರ ಮಾರಿ ನೋಡಿ ಈ ಮನಿಗೆ ಬರ್ಲಿಬೇ" ಎಂಬ ಅವಳ ದನಿ ಕಾಲುವೆಯ ದಂಡೆಯವರೆಗೂ ಮುಟ್ಟುತ್ತಿತ್ತು. ನೇತ್ರಾವತಿ ಬಂದದ್ದು ತತ್ತಿ ನೋಡಲಿಕ್ಕಲ್ಲ. ಅತ್ತೆಯ ಮೈ ತೊಳೆಸಲು ನೀರು ಕಾಯಿಸಬೇಕಿತ್ತು; ತೊಟ್ಟಿಗಳ ಪಕ್ಕದ ಡ್ರಮ್ಮಿನಿಂದ ಕೊಡ ತುಂಬಿಸಿಕೊಂಡು ಹೋಗಬೇಕಿತ್ತು. ಕೊಡ ಡ್ರಮ್ಮಿನ ಬಳಿಯೇ ಖಾಲಿ ನಿಂತಿತ್ತು. ಕೈ ತಾನಾಗಿಯೇ ತೊಟ್ಟಿಗೆ ಹೋಗಿತ್ತು.

ನೀರು ಕೈ ಕೊರೆಯುವಷ್ಟು ತಣ್ಣಗಿತ್ತು. ಗೆಂಡೆ ಮೀನಿನ ತತ್ತಿ ಬೆಚ್ಚನೆಯ ನೀರಿದ್ದರೆ ಬೇಗ ಒಡೆಯುತ್ತದೆ, ತಂಪಾದರೆ ತಡಮಾಡುತ್ತದೆ. ಇಷ್ಟು ತಂಪಾದರೆ ಒಡೆಯುವುದೇ ಇಲ್ಲ. ನಿನ್ನೆ ರಾತ್ರಿ ಬೀಸಿದಂಥ ಗಾಳಿ ಆ ಚಳಿಗಾಲದಲ್ಲಿ ಒಮ್ಮೆಯೂ ಬೀಸಿರಲಿಲ್ಲ. ಇನ್ನೊಂದು ತೊಟ್ಟಿಯದೂ ಇದೇ ಗತಿ ಎಂದುಕೊಂಡು ಅವಳು ಅತ್ತ ತಿರುಗಿದಳು.

ಎರಡನೆಯ ತೊಟ್ಟಿಯ ಮೇಲೆ ಅತ್ತೆಯ ಕಂಬಳಿ ಇತ್ತು.

ಕರಿಯ ಕಂಬಳಿ, ಅಂಚಿಗೆ ಬಿಳಿಯ ಗೆರೆ, ಒಂದು ಕಡೆ ಕೆಂಪು ಅರಿವೆಯ ತೇಪೆ. ಬೆಳಗಿನಿಂದ ಮನೆಮಂದಿಯೆಲ್ಲ ಹುಡುಕುತ್ತಿದ್ದ ಕಂಬಳಿ. ನಸುಕಿನಲ್ಲಿ ಚಹಾ ಕೊಡಲು ಹೋದ ನೇತ್ರಾವತಿ ಅತ್ತೆ ಬಾಲಮ್ಮನನ್ನು ಕಂಡಾಗ ಅವಳು ಕೌದಿಯ ಮೇಲೆ ಮೊಣಕಾಲು ಎದೆಗೆ ಎಳೆದುಕೊಂಡು, ಸೆರಗಷ್ಟೇ ಹೊದ್ದು ಮಲಗಿದ್ದಳು. ಮೈ ತಣ್ಣಗಾಗಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು: ವಯಸ್ಸಾಗಿತ್ತು, ಕೆಮ್ಮು ಇತ್ತು, ನಿದ್ದೆಯಲ್ಲೇ ಹೋದಳು, ಪುಣ್ಯವಂತೆ.

ನೇತ್ರಾವತಿ ಹತ್ತಿರ ಹೋದಳು. ಕಂಬಳಿ ನೀರಿಗೆ ತಾಗಿರಲಿಲ್ಲ. ತೊಟ್ಟಿಗೆ ಅಡ್ಡಲಾಗಿ ತೊಗರಿ ಕಟ್ಟಿಗೆಗಳನ್ನು ಹಾಸಿ, ಅದರ ಮೇಲೆ ಹೊದಿಸಲಾಗಿತ್ತು. ಗಾಳಿಗೆ ಹಾರದಂತೆ ಸುತ್ತಲೂ ಕಲ್ಲುಗಳಿದ್ದವು. ಒಂದು ಮೂಲೆಯಲ್ಲಿ ಮಾತ್ರ ಕಲ್ಲಿರಲಿಲ್ಲ. ಆ ಮೂಲೆಯನ್ನು ಅಂಗೈಯಗಲ ಮಡಚಿ, ಮಡಿಕೆ ಬಿಚ್ಚದ ಹಾಗೆ ಸೂಜಿದಾರದಿಂದ ಎರಡು ಹೊಲಿಗೆ ಹಾಕಲಾಗಿತ್ತು.

ಒಳಗಿನ ಜೀವಗಳಿಗೆ ಉಸಿರಾಡಲೆಂದು ಬಿಟ್ಟ ಸಂದು ಅದು. ಅವಳಿಗೆ ನೋಡಿದ ಕೂಡಲೇ ತಿಳಿಯಿತು. ತಿಳಿದ ಕೂಡಲೇ ತೊಟ್ಟಿಯ ಕಟ್ಟೆ ಹಿಡಿದು ಕೂತುಬಿಟ್ಟಳು.

*

ಆ ತೊಟ್ಟಿಗಳನ್ನು ಕಟ್ಟಿದ ಮೊದಲ ಚಳಿಗಾಲ.

ಬಾಗಲವಾಡದ ಹೊರಗೆ, ಗದ್ದೆಗಳಿಗೆ ನೀರು ಹಾಯುವ ಕಾಲುವೆಯ ಮಗ್ಗುಲಿಗೆ ಅವರ ಮನೆ. ಮಾವ ಗಡಿಗೆಪ್ಪ ಇರುವ ತನಕ ಅಲ್ಲಿ ಕುರಿಹಟ್ಟಿ ಇತ್ತು. ಅವನು ಹೋದ ಮೇಲೆ ಹಿಂಡು ಮಾರಿದರು. ಹಟ್ಟಿಯ ಜಾಗ ಬಯಲಾಯಿತು. ನೇತ್ರಾವತಿ ರಾಯಚೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಮೀನುಮರಿ ಮಾಡುವುದನ್ನು ಕಲಿತು ಬಂದಳು. ಆ ಬಯಲಿನಲ್ಲಿ ಗಂಡ ಸಿದ್ರಾಮ ಎರಡು ಸಿಮೆಂಟಿನ ತೊಟ್ಟಿ ಕಟ್ಟಿಸಿಕೊಟ್ಟ. ಕುರುಬರ ಮನೆಯ ಹೆಂಗಸು ಮೀನಿನ ಮರಿ ಸಾಕುತ್ತಾಳಂತೆ ಎಂದು ಊರು ನಕ್ಕಿತು. ನಗದವಳು ಬಾಲಮ್ಮ ಒಬ್ಬಳೇ. ಅವಳಿಗೆ ಮರಿ ಎಂದರೆ ಮರಿ. ಕಾಲು ನಾಲ್ಕಿದ್ದರೇನು, ಇಲ್ಲದಿದ್ದರೇನು?

ಕಲಿಸಿದವರು ಒಂದು ಮಾತನ್ನು ಒತ್ತಿ ಹೇಳಿದ್ದರು. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ಸುಣ್ಣದ ನೀರಿನಲ್ಲಿ ತತ್ತಿ ಉಳಿಯುವುದಿಲ್ಲ. ನೀರು ತುಂಬಿಸಿ, ಬಾಳೆದಿಂಡು ಕತ್ತರಿಸಿ ಹಾಕಿ, ಕೊಳೆಯಲು ಬಿಟ್ಟು, ಚೆಲ್ಲಿ, ಮತ್ತೆ ತುಂಬಿಸಬೇಕು. ಗೋಡೆ ಮುಟ್ಟಿದರೆ ಜಾರುವುದು ನಿಲ್ಲುವ ತನಕ ಹೀಗೆ ಮಾಡುತ್ತಲೇ ಇರಬೇಕು. ಸಿದ್ರಾಮ ಮಾನ್ವಿಯಿಂದ ಬೈಕಿನ ಹಿಂದೆ ದಿಂಡು ಕಟ್ಟಿಕೊಂಡು ಬಂದಿದ್ದ. "ಮದವಿ ಮನಿಗೆ ಹಂದರ ಕಟ್ಟಾಕ ಹೊಂಟವರಂಗ ಹೊಂಟಿದ್ದೆ, ಎಲ್ಲಾರೂ ಯಾರ ಮದವಿ ಅಂತ ಕೇಳಿದ್ರು" ಎಂದು ನಗಿಸಿದ್ದ.

ಒಂದು ಸಲ ತುಂಬಿಸಿ ಚೆಲ್ಲಿದ್ದಾಯಿತು. ಅಷ್ಟರಲ್ಲಿ ತಾಯಿಮೀನುಗಳು ಬಂದವು, ಹೊಟ್ಟೆ ತುಂಬ ತತ್ತಿ ಹೊತ್ತು. ಅವು ಕಾಯುವಂತಿರಲಿಲ್ಲ. ಅವಳಿಗೂ ಕಾಯಲು ಮನಸ್ಸಿರಲಿಲ್ಲ.

"ಇನ್ನೊಂದ್ಸಲ ದಿಂಡು ತರ್ಲೇನು?" ಎಂದು ಸಿದ್ರಾಮ ಕೇಳಿದ.

"ಸಾಕು. ನೀರು ನೋಡು, ಹ್ಯಾಂಗ ತಿಳಿ ಅದ."

ತತ್ತಿ ಬಿದ್ದ ಮೇಲೆ ಒಂದು ರಾತ್ರಿ ಚಳಿ ಜೋರಾಯಿತು. ಬೆಳಗ್ಗೆ ಎದ್ದು ನೋಡಿದರೆ ಒಂದು ತೊಟ್ಟಿಯ ಮೇಲೆ ಅತ್ತೆಯ ಕಂಬಳಿ, ಇನ್ನೊಂದರ ಮೇಲೆ ಮಾವನ ಹಳೆಯ ಕಂಬಳಿ. ನಡು ಜೋತು ಬಿದ್ದು ನೀರು ಕುಡಿಯುತ್ತಿದ್ದವು. ಕಿತ್ತೆಸೆದು ನೋಡಿದಳು. ಎಲ್ಲ ತತ್ತಿಯೂ ಬೆಳ್ಳಗೆ.

ಬಾಲಮ್ಮ ಓಡಿ ಬಂದಿದ್ದಳು. "ಚಳಿಗೆ ಸೆಟೀತಾವಲ್ಲ ಅಂತ ಹೊಚ್ಚಿದ್ನೆವ್ವಾ. ಕುರಿಮರಿ ಸೆಟದ್ರ ಹಂಗ ಮಾಡ್ತಿದ್ವಿ..."

"ಕುರಿಮರಿ ನೀರಾಗ ಇರ್ತಾವೇನು? ಉಸುರು ಕಟ್ಟಿ ಕೊಂದೀಯಲ್ಲ! ಒಂದೂ ಬಿಡ್ಲಿಲ್ಲ, ಎಲ್ಲಾನೂ ಕೊಂದಿ!"

ದಂಡೆಯ ಮೇಲೆ ಹೊಲಕ್ಕೆ ಹೋಗುವವರು ನಿಂತು ಕೇಳಿದರು. ಬಾಲಮ್ಮ ಒದ್ದೆ ಕಂಬಳಿಗಳನ್ನು ಹೆಗಲಿಗೆ ಹಾಕಿಕೊಂಡು, ನೀರು ಸೋರಿಸಿಕೊಂಡು, ಒಳಗೆ ಹೋದಳು.

*

"ನೇತ್ರಾ, ನೀರು ಎಲ್ಲಿ? ಇನ್ನೂ ಒಲಿ ಮ್ಯಾಲ ಇಟ್ಟಿಲ್ಲೇನು?"

ಅಂಬಮ್ಮನ ದನಿಗೆ ನೇತ್ರಾವತಿ ಎದ್ದಳು. ಕಂಬಳಿ ಮುಟ್ಟಲಿಲ್ಲ. ಕೊಡ ತುಂಬಿಸಿಕೊಂಡು ಮನೆಗೆ ನಡೆದಳು.

ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಗಂಡಸರು ಕೂತಿದ್ದರು. ಬಾಲಮ್ಮನ ತಮ್ಮ ಮಾಳಿಂಗಪ್ಪ, ಈಗಲೂ ಕುರಿ ಕಾಯುವ ಮುದುಕ, ಬಾಳೆದಿಂಡು ಕಡಿಯುವವರಿಗೆ ಅಳತೆ ಹೇಳುತ್ತಿದ್ದ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಒಯ್ಯಬೇಕು. ಕುರ್ಚಿಯ ನಾಲ್ಕೂ ಮೂಲೆಗೆ ದಿಂಡು ಕಟ್ಟಬೇಕು. ರಾಯಚೂರಿನಿಂದ ಜಹೀರ್ ಬಂದಿದ್ದ. ಮೀನುಮರಿಗಳನ್ನು ಕೊಂಡು ಕೆರೆಗಳಿಗೆ ಒಯ್ಯುವವನು. ಸುದ್ದಿ ಗೊತ್ತಿಲ್ಲದೆ ಮರಿ ಯಾವಾಗ ಎಂದು ಕೇಳಲು ಬಂದವನು, ಹೂವಿನ ಹಾರ ತರಲು ಬಾಗಲವಾಡದ ತನಕ ಹೋಗಿ ಮತ್ತೆ ಬಂದಿದ್ದ.

"ಭಾಳ ನಗಸ್ತಿದ್ಲು ಮುದುಕಿ" ಎಂದ ಜಹೀರ್. "ನಾ ಬಂದಾಗೊಮ್ಮೆ ಕೇಳ್ತಿದ್ದೆ, ಯವ್ವಾ, ಈ ಸಲ ಮೀನಿಗೆ ಸ್ವೆಟರ್ ಹಾಕೀಯೇನಬೇ ಅಂತ."

"ಏನಂತಿದ್ಲು?"

"ನಿನಗ ಒಂದ ಹಾಕ್ತೀನಿ ಬಾರೋ ಜಹೀರಾ, ನೀನೂ ಕೆರಿ ನೀರಾಗ ನಿಂತು ನಿಂತು ಅರ್ಧ ಮೀನ ಆಗೀದಿ ಅಂತಿದ್ಲು."

ಗಂಡಸರು ನಕ್ಕರು. ಮಾಳಿಂಗಪ್ಪನೂ ನಕ್ಕ, ನಗುತ್ತಲೇ ತಲೆಯ ಪಟಕದ ತುದಿಯಿಂದ ಕಣ್ಣೊರೆಸಿಕೊಂಡ. "ಮೀನಿಗೆ ಕಂಬಳಿ ಹೊಚ್ಚಿದಾಕಿ ಅಂದ್ರ ಮಾನ್ವಿ ಸಂತ್ಯಾಗೂ ಗುರ್ತಾ ಹಿಡೀತಿದ್ರು ನಮ್ಮಕ್ಕನ್ನ. ನಮ್ಮ ಭಾವ ಎಷ್ಟ ಕುರಿ ಸಾಕಿದ್ರೂ ಅವನ ಹೆಸರು ಊರ ದಾಟಲಿಲ್ಲ. ಆಕಿ ಹೆಸರು ದಾಟ್ತು."

ನೇತ್ರಾವತಿ ಒಲೆಗೆ ಪುಳ್ಳೆ ತುರುಕಿದಳು. ಹೊಗೆ ಕಣ್ಣಿಗೆ ಬಂತು. ಅಳುತ್ತಿದ್ದಾಳೆಂದು ನೆರೆಯ ವಾಹಿದಾ ಹತ್ತಿರ ಬಂದು ಬೆನ್ನು ಸವರಿದಳು. "ಅಳಬ್ಯಾಡಬೇ. ಅತ್ತಿ ಸೊಸಿ ಆದ್ರೂ ತಾಯಿ ಮಗಳ ಹಂಗ ಇದ್ರಿ. ನಾ ಕಂಡಿಲ್ಲೇನು?"

ಬೆನ್ನಿನ ಮೇಲಿನ ಆ ಕೈ ಭಾರವಾಯಿತು. ಅವಳು ನೀರು ಕಾದಿದೆಯೋ ಎಂದು ಬೆರಳದ್ದಿ ನೋಡುವ ನೆಪದಲ್ಲಿ ಸರಿದಳು.

*

ಆ ಮೊದಲ ಚಳಿಗಾಲದಲ್ಲಿ, ತತ್ತಿ ಸತ್ತ ಮೂರನೆಯ ದಿನವೇ ಅವಳಿಗೆ ನಿಜ ಗೊತ್ತಾಗಿತ್ತು.

ತೊಟ್ಟಿ ಖಾಲಿ ಮಾಡಿ ಉಜ್ಜುತ್ತಿದ್ದಳು. ಗೋಡೆ ಸಾಬೂನು ಹಚ್ಚಿದ ಹಾಗೆ ಜಾರುತ್ತಿತ್ತು. ನೀರು ನಿಂತಿದ್ದ ಮಟ್ಟಕ್ಕೆ ಬೆಳ್ಳನೆಯ ಪಟ್ಟೆ ಕಟ್ಟಿತ್ತು. ಸಂಜೆಗೆ ಬೆರಳ ತುದಿಗಳು ಉರಿದು ಸಿಪ್ಪೆ ಎದ್ದವು. ಮನೆಗೆ ಸುಣ್ಣ ಬಳಿದ ದಿನ ಕೈ ಹೀಗೆಯೇ ಉರಿಯುತ್ತದೆ. ಕಂಬಳಿ ಇರಲಿ, ಇಲ್ಲದಿರಲಿ, ಆ ನೀರಿನಲ್ಲಿ ಯಾವ ತತ್ತಿಯೂ ಉಳಿಯುತ್ತಿರಲಿಲ್ಲ. ರಾತ್ರಿ ಚಳಿ ಬೀಳುವ ಮೊದಲೇ ಅವು ಸತ್ತಿದ್ದವೇನೋ.

ಸಿದ್ರಾಮ ಇಲ್ಲದ ಹೊತ್ತು ನೋಡಿ ಮಾನ್ವಿಗೆ ಹೋಗಿ ತಾನೇ ದಿಂಡು ತಂದಳು. ಕತ್ತರಿಸಿ ತೊಟ್ಟಿಗೆ ಹಾಕಿ, ಯಾರಿಗೂ ಕಾಣದಂತೆ ಮೇಲೆ ಗೋಣಿಚೀಲ ಮುಚ್ಚಿದಳು. ಕೊಳೆತ ನೀರನ್ನು ಕಾಲುವೆಗೆ ಬಿಟ್ಟಳು. ಮತ್ತೆ ತುಂಬಿಸಿದಳು, ಮತ್ತೆ ಮುಚ್ಚಿದಳು. ಅತ್ತೆಗೆ ಹೇಳಬೇಕು, ನಾಳೆ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಮಾತು ಊರು ಸುತ್ತಿ ಬಂದು, ತಮಾಷೆಯಾಗಿ ಮನೆಯೊಳಗೆ ಕೂತುಬಿಟ್ಟಿತ್ತು. ಸಿದ್ರಾಮನೇ ಅದನ್ನು ಹೇಳಿ ನಗುತ್ತಿದ್ದ. ನಗುವವರ ನಡುವೆ ಸುಣ್ಣದ ಮಾತು ತೆಗೆಯುವುದು ಹೇಗೆ?

ಮುಂದಿನ ಸಲದ ತತ್ತಿ ಒಡೆದು ಮರಿಯಾದವು. ಬೆಚ್ಚನೆಯ ದಿನಗಳು ಬಂದಿದ್ದವು, ತೊಟ್ಟಿಯ ಸುಣ್ಣ ಹೋಗಿತ್ತು. ಸಿದ್ರಾಮ ಖುಷಿಯಿಂದ ಕೂಗಿದ: "ನೋಡಬೇ ಯವ್ವಾ, ಕಂಬಳಿ ಹೊಚ್ಚಲಿಲ್ಲ, ಎಲ್ಲಾ ಉಳದ್ವು!"

ಬಾಲಮ್ಮ ಬಾಗಿಲಲ್ಲಿ ನಿಂತು ನೋಡಿದ್ದಳು. ತೊಟ್ಟಿಯ ಹತ್ತಿರ ಬರಲಿಲ್ಲ. "ಉಳದ್ವಲ್ಲಪ್ಪ, ಅಷ್ಟ ಸಾಕು" ಎಂದಳು. ಅಂದಿನಿಂದ ಅವಳು ತೊಟ್ಟಿಯ ಬಳಿ ಹಾಯುವಾಗ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೋಗುತ್ತಿದ್ದಳು, ಮಡಿಯವರ ಮನೆಯೊಳಗೆ ಹೋದ ಹಾಗೆ. ತಮಾಷೆಗೆ ತಾನೂ ತಮಾಷೆಯ ಉತ್ತರ ಕೊಡಲು ಕಲಿತಳು. ಆದರೆ ಪ್ರತಿ ಚಳಿಗಾಲದಲ್ಲೂ ಒಂದು ಸಂಜೆ, ಗಾಳಿ ತಿರುಗಿದಾಗ, ಬಾಗಿಲಿನಿಂದಲೇ ಕೇಳುವಳು: "ನೇತ್ರೀ, ಚಳಿ ಭಾಳ ಅದಲ್ಲವ್ವಾ... ನಾ ಏನೂ ಮುಟ್ಟಂಗಿಲ್ಲ, ಸುಮ್ಮನ ಕೇಳಿದೆ."

ನಿನ್ನೆ ಸಂಜೆಯೂ ಕೇಳಿದ್ದಳು. ಕೆಮ್ಮುತ್ತ, ಕಂಬಳಿ ಹೊದ್ದು, ಹೊಸ್ತಿಲಲ್ಲಿ ಕೂತು. ಹೊಸದಾಗಿ ಕಟ್ಟಿದ ಮೂರನೆಯ ತೊಟ್ಟಿಗೆ ಸಿಮೆಂಟು ಮೆತ್ತಿ ಗಿಲಾಯಿ ಮುಗಿಸಿ ಹೊರಟಿದ್ದ ಗೌಂಡಿಗಳು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು.

"ನೇತ್ರೀ, ಇವತ್ತಿನ ಗಾಳಿ ಛಲೋ ಇಲ್ಲ. ಮರಿಗೆ ಬ್ಯಾನಿ ಆಗೋ ಗಾಳಿ ಇದು."

"ಮತ್ತ ಕಂಬಳಿ ತಗೊಂಡು ಹೋಗಬ್ಯಾಡತ್ತಿ" ಎಂದಿದ್ದಳು ನೇತ್ರಾವತಿ. "ಒಮ್ಮೆ ಕೊಂದಿದ್ದು ಸಾಕು."

ಗೌಂಡಿಗಳು ನಕ್ಕರು. ಅವರು ನಗಲೆಂದೇ ಅವಳು ಹಾಗೆ ಅಂದಿದ್ದಳು. ಬಾಲಮ್ಮ ಕೂಡ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಏನೋ ಯೋಚಿಸುವವಳಂತೆ ತನ್ನ ಕಂಬಳಿಯ ಮೂಲೆಯನ್ನು ಬೆರಳಲ್ಲಿ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡುತ್ತಿದ್ದಳು. "ದಬ್ಬಣ ಎಲ್ಲಿಟ್ಟೀಯವ್ವಾ?" ಎಂದು ಕೇಳಿದ್ದಳು. ನೇತ್ರಾವತಿ ಯಾಕೆಂದು ಕೇಳಲಿಲ್ಲ. ಗೂಡಿನಲ್ಲಿದೆ ಎಂದು ಕೈ ತೋರಿಸಿದ್ದಳು.

*

ಮೈ ತೊಳೆಸಿ, ಹಣೆಗೆ ಭಂಡಾರದ ಅರಿಷಿಣ ಬಳಿದು, ಬಾಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರು. ಅವರ ಮನೆತನದಲ್ಲಿ ಸತ್ತವರ ಹೆಗಲಿಗೆ ಅವರು ಹೊದ್ದ ಕಂಬಳಿಯನ್ನೇ ಹೊದಿಸಿ ಕಳಿಸುವುದು. ಬೇರೆಯವರದನ್ನು ಹೊದಿಸಿದರೆ ಹೋದ ಜೀವ ದಾರಿಯಲ್ಲಿ ಯಾರದೋ ಹೆಸರಿಗೆ ಓಗೊಡುತ್ತದೆ ಎನ್ನುತ್ತಿದ್ದರು.

"ಕಂಬಳಿ ಎಲ್ಲಿ?" ಅಂಬಮ್ಮ ಮೂರನೆಯ ಸಲ ಪೆಟ್ಟಿಗೆ ತೆರೆದಳು. "ಅಪ್ಪ ತನ್ನ ಕುರಿ ಉಣ್ಣಿ ಕತ್ತರಿಸಿ ನೇಸಿದ್ದು. ಮನ್ಯಾಗಿನ ಕಂಬಳಿ ಎಲ್ಲಿ ಹೋಗತದ? ನೇತ್ರಾ, ನೀ ಹಾಸಿಗಿ ತಗದಾಕಿ, ನೀ ನೋಡಿಲ್ಲೇನು?"

"ಹುಡುಕ್ತೀನಿ ಯಕ್ಕಾ."

ಹೇಳಿ ಹೊರಗೆ ಬಂದಳು. ತನ್ನ ಕೋಣೆಯಿಂದ ತನ್ನ ಕಂಬಳಿ ಎತ್ತಿಕೊಂಡಳು. ಮದುವೆಯಾಗಿ ಬಂದ ವರ್ಷ ಬಾಲಮ್ಮನೇ ಕೊಟ್ಟದ್ದು. ತೊಟ್ಟಿಯ ಕಡೆ ನಡೆಯುತ್ತ ದಾರಿಯಲ್ಲಿ ಸುಲಭದ ಮಾತುಗಳು ಒಂದೊಂದಾಗಿ ನಾಲಿಗೆಗೆ ಬಂದವು. ಒಗೆದು ಹಾಕಿದ್ದೆ ಯಕ್ಕಾ, ಮರತಿದ್ದೆ. ನಾಯಿ ಎಳಕೊಂಡು ಹೋಗಿತ್ತು. ಮೂಲೆಯ ಹೊಲಿಗೆ ಬಿಚ್ಚಿ, ಬಿಸಿಲಿಗೆ ಒಣಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ಸತ್ತ ದಿನವೂ ಜನ ಅತ್ತೆಯನ್ನು ನೋಡಿ ನಗುವುದು ತಪ್ಪುತ್ತದೆ. ಹಾಗೆ ಯೋಚಿಸಿದಾಗ ಅದು ಅತ್ತೆಯ ಮೇಲಿನ ಮರುಕದಂತೆಯೇ ಕಾಣುತ್ತಿತ್ತು.

ಕಲ್ಲು ಸರಿಸಿ ಕಂಬಳಿ ಎತ್ತಿದಳು. ಒಳಗಿನಿಂದ ಬೆಚ್ಚನೆಯ, ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕುಚ್ಚು ಎತ್ತಿ ಬೆಳಕಿಗೆ ಹಿಡಿದಳು. ತತ್ತಿಗಳು ತಿಳಿಯಾಗಿದ್ದವು. ಒಂದೊಂದರ ಒಳಗೂ ಎರಡು ಕರಿಯ ಚುಕ್ಕೆ, ಕಣ್ಣುಗಳು. ನೋಡುತ್ತಿದ್ದಂತೆ ಒಂದು ಒಳಗೇ ಹೊರಳಿತು. ತೊಟ್ಟಿಯ ಗೋಡೆಗೆ ಆಗಲೇ ಹೊರಬಂದ ಮರಿಗಳು ಉದುರಿದ ರೆಪ್ಪೆಗೂದಲಿನ ಹಾಗೆ ನೆಟ್ಟಗೆ ಅಂಟಿಕೊಂಡಿದ್ದವು.

ಮನೆಯಲ್ಲಿ ಅತ್ತೆಗೆ ಕಂಬಳಿ ಇದ್ದದ್ದು ಒಂದೇ. ಮಾವನದು ಎಂದೋ ಹರಿದು ಹೋಗಿತ್ತು. ಅದಕ್ಕೇ ಒಂದೇ ತೊಟ್ಟಿಗೆ ಹೊದಿಸಿದ್ದಳು. ಎರಡರಲ್ಲಿ ಯಾವುದಕ್ಕೆಂದು ಆ ಚಳಿಯಲ್ಲಿ ನಿಂತು ಎಷ್ಟು ಹೊತ್ತು ಯೋಚಿಸಿದ್ದಳೋ.

ನೇತ್ರಾವತಿ ತೊಗರಿ ಕಟ್ಟಿಗೆಯ ಮೇಲೆ ತನ್ನ ಕಂಬಳಿಯನ್ನು ಹರಡಿದಳು. ಕಲ್ಲು ಹೇರಿದಳು. ಒಂದು ಮೂಲೆ ಮಡಚಿದಳು. ಅತ್ತೆಯ ಕಂಬಳಿಯ ಹೊಲಿಗೆಗೆ ಬೆರಳು ಹೋಯಿತು; ಸ್ವಲ್ಪ ಎಳೆದರೆ ದಾರ ಬಿಚ್ಚುತ್ತಿತ್ತು. ಎಳೆಯಲಿಲ್ಲ. ಹಾಗೆಯೇ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದಳು.

*

ಮೊದಲು ನೋಡಿದವನು ಮಾಳಿಂಗಪ್ಪ. ಎತ್ತುವಾಗ ನೀರು ತಾಗಿ ಕಂಬಳಿಯ ಅಂಚು ಒದ್ದೆಯಾಗಿತ್ತು. ಕೆಂಪು ತೇಪೆಗೆ ಚೀಲದ ಎಳೆಯೊಂದು ಅಂಟಿಕೊಂಡು ಬಂದಿತ್ತು.

"ಇದೆಲ್ಲಿತ್ತು?"

"ತೊಟ್ಟಿ ಮ್ಯಾಲ."

ಎಲ್ಲರೂ ತೊಟ್ಟಿಗಳ ಕಡೆ ತಿರುಗಿ ನೋಡಿದರು. ಆಮೇಲೆ ಮಾಳಿಂಗಪ್ಪ ತೊಡೆ ಬಡಿದುಕೊಂಡ. "ಹೋಗೂ ದಿನಾನೂ ಮೀನಿಗೆ ಹೊಚ್ಚಿ ಹೋಗ್ಯಾಳಲ್ಲೋ! ಯಕ್ಕಾ, ಯಕ್ಕಾ, ನಿನ್ನ ಚಾಳಿ ಮಣ್ಣಿಗೆ ಹೋದ್ರೂ ಬಿಡಂಗಿಲ್ಲ ನೋಡು!" ನಗು ಹೊಮ್ಮಿತು, ಅಳುವಿನ ಅಂಚಿಗೇ ಇದ್ದ ನಗು. ಹೆಂಗಸರೂ ಸೆರಗು ಬಾಯಿಗೆ ಹಿಡಿದರು.

ಅಂಬಮ್ಮ ನಗಲಿಲ್ಲ. "ತನ್ನ ಮೈ ಮ್ಯಾಲಿಂದು ತಗದು ಹೊಚ್ಚ್ಯಾಳ. ಅಂಥಾ ಚಳ್ಯಾಗ, ಅಂಥಾ ಕೆಮ್ಮ ಇಟ್ಕೊಂಡು. ನೀವೆಲ್ಲಾ ಎಲ್ಲಿದ್ರಿ? ಸತ್ತಿದ್ರೇನು?"

ಸಿದ್ರಾಮ ತಲೆ ತಗ್ಗಿಸಿದ. "ನಿದ್ದಿ ಹತ್ತಿತ್ತಕ್ಕಾ."

"ಬದಕ್ಯಾವ" ಎಂದಳು ನೇತ್ರಾವತಿ.

ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಹೇಳಿದಳು. "ಹೊಚ್ಚಿದ ತೊಟ್ಟ್ಯಾಗಿನವು ಬದಕ್ಯಾವ. ಹೊಚ್ಚಲಾರದ ತೊಟ್ಟ್ಯಾಗಿನವು ಸತ್ತಾವ."

ಜಹೀರ್ ಎದ್ದು ಹೋದ. ಅವನು ತೊಟ್ಟಿಗಳ ನಡುವೆ ಬಗ್ಗಿ ಏಳುವಾಗ ಅವನ ತಲೆಯಷ್ಟೇ ಅಂಗಳದವರಿಗೆ ಕಾಣುತ್ತಿತ್ತು. ತಿರುಗಿ ಬಂದಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಖರೇ ಅದ್ರೀ. ಒಡ್ಯಾಕತ್ತ್ಯಾವ. ಆಕಡಿ ತೊಟ್ಟ್ಯಾಗ ಒಂದೂ ಇಲ್ಲ. ಯವ್ವ ಹೊಚ್ಚಿದ್ದಕ್ಕ ಉಳದಾವು."

ನಗು ಎಲ್ಲಿಗೆ ಹೋಯಿತೋ. ಮಾಳಿಂಗಪ್ಪ ಕುರ್ಚಿಯಲ್ಲಿ ಕೂತ ಅಕ್ಕನ ಮುಖವನ್ನು ನೋಡುತ್ತ ನಿಂತ. ಭಂಡಾರ ಬಳಿದ ಆ ಹಣೆಯ ಕೆಳಗೆ ಕಣ್ಣುಗಳು ಮುಚ್ಚಿದ್ದವು. ಆಮೇಲೆ ಅವನು ಮೆಲ್ಲಗೆ ಕೇಳಿದ. "ಹಂಗಾರ ಅವತ್ತ ಯಾಕ ಸತ್ವು?"

ಅವನು ಯಾರನ್ನೂ ನೋಡಿ ಕೇಳಲಿಲ್ಲ. ಆದರೂ ನೇತ್ರಾವತಿಗೆ ಅಂಗಳವೆಲ್ಲ ತನ್ನ ಕಡೆ ತಿರುಗಿದಂತಾಯಿತು. ಬಾಯಿ ತೆರೆದಳು.

"ಅವತ್ತ ಕಂಬಳಿ ನೀರಿಗೆ ಬಿದ್ದಿರಬೇಕ್ರಿ, ಉಸುರು ಕಟ್ಟಿರಬೇಕು" ಎಂದ ಜಹೀರ್, ತಿಳಿದವನಂತೆ. "ಈ ಸಲ ಕಟಗಿ ಹಾಸ್ಯಾಳ, ಮೂಲಿ ಬಿಟ್ಟಾಳ. ಕಲತಿದ್ಲು ನೋಡ್ರಿ ಮುದುಕಿ."

"ಹೌದೌದು" ಎಂದರು ಜನ. "ಕಲತಿದ್ಲು."

ನೇತ್ರಾವತಿಯ ಬಾಯಿ ಮುಚ್ಚಿತು. ತಾನು ಅಂದ ಒಂದು ಸುಳ್ಳನ್ನು ನಂಬಿ, ಅದನ್ನು ಇಷ್ಟು ಚಳಿಗಾಲ ಮನಸ್ಸಿನಲ್ಲಿ ತಿರುವಿ, ಇಲ್ಲದ ತಪ್ಪನ್ನು ತಿದ್ದಿಕೊಂಡು ಹೋದವಳ ಹೆಗಲಿಗೆ ಅವಳು ಕಂಬಳಿ ಹೊದಿಸಿದಳು. ಮಡಚಿ ಹೊಲಿದ ಮೂಲೆ ಬಾಲಮ್ಮನ ಎದೆಯ ಮೇಲೆ ಬಂತು. ಅಂಬಮ್ಮ ಅದನ್ನು ಬಿಚ್ಚಿ ನೇರ ಮಾಡಲು ಕೈ ಚಾಚಿದಾಗ ನೇತ್ರಾವತಿ ಆ ಕೈ ಹಿಡಿದಳು.

"ಇರಲಿ ಯಕ್ಕಾ. ಹಂಗ ಇರಲಿ."

*

ಡೊಳ್ಳಿನ ದನಿ ದಂಡೆಯುದ್ದಕ್ಕೂ ದೂರವಾಗುತ್ತ ಹೋಯಿತು. ಹೆಂಗಸರು ಗಂಡಸರು ಎಲ್ಲರೂ ಹೊರಟರು. ಮನೆ ಸಾರಿಸಿ, ಜೀವ ಹೋದ ಜಾಗದಲ್ಲಿ ದೀಪ ಹಚ್ಚಲು ಸೊಸೆ ಉಳಿಯಬೇಕು, ನೇತ್ರಾವತಿ ಉಳಿದಳು. ವಾಹಿದಾ ಒಂದಿಷ್ಟು ಹೊತ್ತು ಕಸ ಬಳಿದು, ಮಕ್ಕಳಿಗೆ ರೊಟ್ಟಿ ಬಡಿಯಬೇಕೆಂದು ಹೋದಳು.

ದೀಪ ಹಚ್ಚಿದ ಮೇಲೆ ಕೈ ತೊಳೆಯಲು ಹೊರಗೆ ಬಂದಳು. ಅಂಗಳದಲ್ಲಿ ಕುರ್ಚಿಗೆ ಕಟ್ಟಿ ಮಿಕ್ಕ ಬಾಳೆದಿಂಡುಗಳು ಬಿದ್ದಿದ್ದವು. ಕಡಿದ ಬಾಯಿಂದ ನೀರು ಜಿನುಗಿ ಮಣ್ಣು ನೆನೆದಿತ್ತು.

ಅವುಗಳ ಆಚೆಗೆ ಮೂರನೆಯ ತೊಟ್ಟಿ, ಹೊಸದು. ಗಿಲಾಯಿಯ ಬೂದುಬಣ್ಣ ಇನ್ನೂ ಮಾಸಿರಲಿಲ್ಲ. ಹೊರಡುವ ಮೊದಲು ಜಹೀರ್ ಸಿದ್ರಾಮನಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಸತ್ತ ತತ್ತಿಯ ತೊಟ್ಟಿ ತೊಳೆಯಬೇಕು, ಉಳಿದ ಮರಿಗೆ ಜಾಗ ಬೇಕು, ಹೊಸದಕ್ಕೆ ನೀರು ಬಿಟ್ಟು ಅಲ್ಲಿಗೆ ಹಾಕಿದರಾಯಿತು. "ಒಮ್ಮೆ ತುಂಬಿಸಿ ಚೆಲ್ಲಿದ್ರ ಸಾಕಲ್ಲ?" ಎಂದು ಸಿದ್ರಾಮ ಕೇಳಿದ್ದ. "ಅವತ್ತ ಹಂಗ ಮಾಡಿದ್ವಿ."

ಅವತ್ತು ಹಾಗೆ ಮಾಡಿದ್ದೆವು.

ನೇತ್ರಾವತಿ ಒಂದು ದಿಂಡನ್ನು ಎಳೆದಳು. ಭಾರವಿತ್ತು. ಕುಡುಗೋಲು ತಂದು ತುಂಡು ಮಾಡಿದಳು. ಹೊತ್ತುಕೊಂಡು ಹೋಗಿ ಹೊಸ ತೊಟ್ಟಿಗೆ ಹಾಕಿದಳು. ಇನ್ನೊಂದು. ಮತ್ತೊಂದು. ಕಾಲುವೆಯ ಪೈಪು ಬಿಚ್ಚಿದಳು. ನೀರು ತಳ ಮುಚ್ಚಿ ಮೇಲೇರತೊಡಗಿತು. ದಿಂಡುಗಳು ಒಂದಕ್ಕೊಂದು ಬಡಿದುಕೊಂಡು ತೇಲಿದವು. ಗೋಡೆಗೆ ಅಂಗೈ ಒತ್ತಿ ನೋಡಿದಳು. ಜಾರುತ್ತಿತ್ತು.

ದಂಡೆಯ ಆ ತುದಿಯಲ್ಲಿ ಜನ ತಿರುಗಿ ಬರುತ್ತಿದ್ದರು. ಡೊಳ್ಳು ಈಗ ಸುಮ್ಮನಿತ್ತು. ಎಲ್ಲರಿಗಿಂತ ಮುಂದೆ ಸಿದ್ರಾಮ, ಬರಿಗಾಲಲ್ಲಿ, ಕೈಗೆ ಮಣ್ಣು ಮೆತ್ತಿಕೊಂಡು. ಅವನು ಬಂದರೆ ಕಾಲು ತೊಳೆಯುವುದು ಇಲ್ಲೇ, ಈ ಡ್ರಮ್ಮಿನ ಬಳಿ. ಬಾಳೆದಿಂಡು ಯಾಕೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದು ಮಾನ್ವಿಯಿಂದ ಬೈಕಿಗೆ ಕಟ್ಟಿ ತಂದವನೇ ಅವನು. ಇನ್ನೊಂದು ಸಲ ತರಲೇ ಎಂದು ಕೇಳಿದವನೇ ಅವನು.

ಅವಳ ಕೈ ಗೋಣಿಚೀಲಗಳ ರಾಶಿಗೆ ಹೋಯಿತು. ಎರಡು ಚೀಲ ಬಿಡಿಸಿ ಹಾಸಿದರೆ ತೊಟ್ಟಿ ಮುಚ್ಚುತ್ತಿತ್ತು. ಒಂದನ್ನು ಬಿಡಿಸಿ, ಎರಡೂ ತುದಿ ಹಿಡಿದು, ನೀರಿನ ಮೇಲೆ ಎತ್ತಿ ನಿಂತಳು. ಪಕ್ಕದ ತೊಟ್ಟಿಯ ಮೇಲೆ ಅವಳ ಕಂಬಳಿಯ ಮಡಚಿದ ಮೂಲೆ ಗಾಳಿಗೆ ಅಲುಗುತ್ತಿತ್ತು.

ಚೀಲವನ್ನು ಮತ್ತೆ ಮಡಚಿದಳು. ರಾಶಿಯ ಮೇಲಿಟ್ಟಳು.

ಬರುವವರ ಕಾಲ ಸಪ್ಪಳ ಕೇಳುವಷ್ಟು ಹತ್ತಿರವಾಯಿತು. ಸಂಜೆಯ ಬೆಳಕಿನಲ್ಲಿ ಹೊಸ ತೊಟ್ಟಿಯ ನೀರು ಕಟ್ಟೆಯ ಅಂಚಿಗೆ ಬಂದಿತ್ತು. ಅದರ ಮೇಲೆ ಬಿಳಿಯ ದಿಂಡುಗಳು, ದಂಡೆಯಿಂದ ನೋಡಿದವರಿಗೆ ಕಾಣುವ ಹಾಗೆ, ತೇಲುತ್ತಿದ್ದವು.